ಹತ್ತು ಕಡೆ ಇದೆ ಸಾರ್

ಕೇಳುಗರಿಗೆ ನಮಸ್ಕಾರ.

ನಾನು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಪ್ರತಿ ವರ್ಷ ಮಕ್ಕಳಿಂದ ಒಂದು ಸಂಶೋಧನಾ ವರದಿ ಬರೆಸುತ್ತೇನೆ. ಈ ಸಲದ ವಿಷಯ, ಕನ್ನಡದ ಮೊದಲ ಶಾಸನ. ಒಬ್ಬ ಹುಡುಗಿ ಹಲ್ಮಿಡಿ, ಕ್ರಿ.ಶ. 450 ಎಂದು ಬರೆದಳು. ಹಿಂದಿನ ಬೆಂಚಿನ ಹುಡುಗ ತಾಳಗುಂದ, 370 ಎಂದ. ಯಾರು ಹೇಳಿದ್ದು ಅಂತ ಕೇಳಿದೆ. ಇಬ್ಬರದ್ದೂ ಒಂದೇ ಉತ್ತರ: "ಹತ್ತು ಕಡೆ ಇದೆ ಸಾರ್, ಗೂಗಲ್ ಮಾಡಿ ನೋಡಿ."

ನೋಡಿದೆವು. ಹುಡುಗಿ ತೋರಿಸಿದ ನಾಲ್ಕು ಜಾಲತಾಣಗಳಲ್ಲೂ ಅದೇ ಪ್ಯಾರಾ. ಹಲ್ಮಿಡಿ ಇರುವ ತಾಲೂಕು ಬೇಲೂರು, ಆ ಹೆಸರು ದೀರ್ಘ ಕಳಚಿಕೊಂಡು ನಾಲ್ಕರಲ್ಲೂ 'ಬೇಲುರು' ಆಗಿ ಕೂತಿತ್ತು. ತಪ್ಪೂ ನಕಲಾಗಿದೆ ಅಂದಮೇಲೆ ಅವು ನಾಲ್ಕು ಸಾಕ್ಷಿ ಅಲ್ಲ, ಒಂದೇ ಅಲ್ವಾ? ಅದೂ ಯಾರು ಬರೆದದ್ದೋ ಹೆಸರಿಲ್ಲ.

ವಿಕಿಪೀಡಿಯ ಮುಟ್ಟಲೇಬೇಡಿ ಅನ್ನುವ ಮೇಷ್ಟ್ರು ನಾನಲ್ಲ. ಓದಿ, ಆದರೆ ಅಲ್ಲೇ ನಿಲ್ಲಬೇಡಿ, ಅಡಿಟಿಪ್ಪಣಿ ಹಿಡಿದು ಹೋಗಿ ಅಂತೀನಿ. ಹಾಗೆ ಹೋದಾಗ ಸಿಕ್ಕವರು ಎಂ.ಎಚ್. ಕೃಷ್ಣ. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದವರು. ಹಲ್ಮಿಡಿಯ ಕಲ್ಲನ್ನು ಓದಿ, 1936ರ ಇಲಾಖೆಯ ವರದಿಯಲ್ಲಿ ಅಚ್ಚು ಹಾಕಿಸಿದವರು.

ಶಾಸನ ಇರುವುದೇ 16 ಸಾಲು. ಅಚ್ಚಾದ ಆ ಸಾಲುಗಳನ್ನು ಹುಡುಗಿಯ ಮುಂದಿಟ್ಟು, "ಇದರಲ್ಲಿ 450 ಎಲ್ಲಿದೆ, ತೋರಿಸಮ್ಮ" ಎಂದೆ. ಸಾಲು ಸಾಲಿಗೂ ಬೆರಳಿಟ್ಟು ಹುಡುಕಿದಳು. ಊರಿನ ಹೆಸರುಗಳು ಸಿಕ್ಕವು, ಪಲ್ಮಡಿ, ಮೂಳಿವಳ್ಳಿ. ವರ್ಷ ಸಿಗಲಿಲ್ಲ. ಕಲ್ಲಿನ ಮೇಲೆ ವರ್ಷ ಕೆತ್ತಿದ್ದರೆ ತಾನೇ ಸಿಗೋದು! 450 ಅನ್ನುವುದು ಅಕ್ಷರದ ರೂಪ, ಅದರಲ್ಲಿ ಬರುವ ಅರಸರ ಹೆಸರು ನೋಡಿ ವಿದ್ವಾಂಸರು ಹಾಕಿದ ಅಂದಾಜು. ಅವಳು ಸುಮ್ನೆ ಪೆನ್ನು ತೆಗೆದು, 450ರ ಹಿಂದೆ 'ಸುಮಾರು' ಅಂತ ಸೇರಿಸಿದಳು. ಒಂದೇ ಪದ. ನನಗೆ ಅದು ಇಡೀ ವರದಿಗಿಂತ ಜಾಸ್ತಿ ಅನಿಸಿತು.

ಹುಡುಗನ ಕೈಲಿದ್ದದ್ದು ಪೇಪರ್ ಕಟಿಂಗು. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಹತ್ತಿರ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ 2013ರಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನದ ಸುದ್ದಿ. ಸಿಂಹಕಟಾಂಜನ ಅಂದರೆ ಸಿಂಹದ ಕೆತ್ತನೆಯಿರುವ ಕಲ್ಲಿನ ಕಟಕಟೆ. "ಪೇಪರಲ್ಲಿ ಬಂದದ್ದೂ ಸಾಲದಾ ಸಾರ್?" ಎಂದ. ಕಲ್ಲು ಸಿಕ್ಕಿತು ಅನ್ನೋದಕ್ಕೆ ಸಾಕಪ್ಪ. ಅದರ ವಯಸ್ಸು ಹೇಳೋಕೆ, ಅಕ್ಷರ ಓದಿದವರ ಬರಹವೇ ಬೇಕು. ಒಪ್ಪದವರು ಏನಂತಾರೆ, ಅದನ್ನೂ ನೋಡಬೇಕು.

ಹುಡುಗ ಅದನ್ನು ಹುಡುಕಿಕೊಂಡು ಲೈಬ್ರರಿ ಸೇರಿದ್ದಾನೆ. ವರದಿ ಕೊಡುವ ದಿನ ಕಳೆದು ವಾರವಾಯಿತು. ನಾನೂ ಕೇಳಲು ಹೋಗಿಲ್ಲ.

ನಮಸ್ಕಾರ.