ಗೋಣಿಬಟ್ಟೆಯ ಮೇಲೆ ಹೊಲಿದ ಸಾಕ್ಷ್ಯ

ಸ್ನೇಹಿತರೇ,

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 2014ರ ಜುಲೈಯಿಂದ 2015ರ ಫೆಬ್ರವರಿವರೆಗೆ ‘ಡಿಸ್‌ಒಬೀಡಿಯಂಟ್ ಆಬ್ಜೆಕ್ಟ್ಸ್’ ಎಂಬ ಪ್ರದರ್ಶನ ನಡೆಯಿತು. ಚಳವಳಿಗಾರರು ಕೈಯಾರೆ ಮಾಡಿಕೊಂಡ ವಸ್ತುಗಳ ಪ್ರದರ್ಶನ ಅದು. ಬಾರ್ಸಿಲೋನಾದ ಮೆರವಣಿಗೆಯಲ್ಲಿ ಉರುಳಿಬಿಟ್ಟಿದ್ದ ಗಾಳಿ ತುಂಬಿದ ಭಾರೀ ‘ಕಲ್ಲು’ಗಳು, ಅಶ್ರುವಾಯುವಿನಿಂದ ಪಾರಾಗಲು ಪ್ಲಾಸ್ಟಿಕ್ ಬಾಟಲಿಯಲ್ಲಿ ಕತ್ತರಿಸಿಕೊಂಡ ಮುಖವಾಡ ಎಲ್ಲವೂ ಅಲ್ಲಿದ್ದವು. ನೋಡುಗರು ಮೊದಲು ಮುತ್ತಿಕೊಳ್ಳುವುದು ಇಂಥವುಗಳನ್ನೇ. ನಾನು ಇಂದು ಮಾತನಾಡುವುದು ಅದೇ ಪ್ರದರ್ಶನದಲ್ಲಿದ್ದ, ಸದ್ದಿಲ್ಲದ ಒಂದು ಬಗೆಯ ಕೃತಿಯ ಬಗ್ಗೆ: ಚಿಲಿ ದೇಶದ ಅರ್ಪಿಯೇರಾ.

ಅರ್ಪಿಯೇರಾ ಎಂದರೆ ಗೋಣಿಬಟ್ಟೆಯ ಮೇಲೆ ಹಳೆಯ ಬಟ್ಟೆಯ ಚೂರುಗಳನ್ನು ಹೊಲಿದು ಮಾಡಿದ ಚಿತ್ರ. ನಮ್ಮ ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಈ ಕೆಲಸದ ತಾಳ್ಮೆ ಎಂಥದೆಂದು ಹೇಳಬೇಕಾಗಿಲ್ಲ. ಚಿಲಿಯಲ್ಲಿ 1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೊಚೆ ಸೈನ್ಯದ ಬಲದಿಂದ ಅಧಿಕಾರ ಹಿಡಿದ. ಸಾವಿರಾರು ಜನ ಬಂಧಿತರಾದರು. ಅನೇಕರು ಏನಾದರೆಂಬುದೇ ತಿಳಿಯಲಿಲ್ಲ. ಗಂಡನನ್ನೋ ಮಗನನ್ನೋ ಹುಡುಕುತ್ತ ಠಾಣೆಯಿಂದ ಠಾಣೆಗೆ ಅಲೆದ ಹೆಂಗಸರು ರಾಜಧಾನಿ ಸಾಂಟಿಯಾಗೋದಲ್ಲಿ ಕ್ಯಾಥೊಲಿಕ್ ಚರ್ಚಿನ ಆಶ್ರಯದಲ್ಲಿ ಒಟ್ಟಿಗೆ ಕುಳಿತು ಹೊಲಿಯತೊಡಗಿದರು. ದುಡಿಯುವವರೇ ಇಲ್ಲವಾದ ಮನೆಗಳಿಗೆ ಅದು ಅನ್ನದ ದಾರಿಯೂ ಆಯಿತು. ಚರ್ಚು ಆ ಚಿತ್ರಗಳನ್ನು ಹೊರದೇಶಗಳಿಗೆ ಕಳಿಸಿ ಮಾರಿಸಿತು.

ದೂರದಿಂದ ನೋಡಿದರೆ ಅವು ಮಕ್ಕಳ ಚಿತ್ರಗಳಂತಿವೆ. ಮೇಲೆ ಆಂಡೀಸ್ ಪರ್ವತಸಾಲು, ಹೊಳೆಯುವ ಸೂರ್ಯ, ಕಣ್ಣು ಕುಕ್ಕುವ ಕೆಂಪು ಹಳದಿ. ಹತ್ತಿರ ಹೋದರೆ ಬಾಗಿಲು ಮುಚ್ಚಿದ ಕಾರ್ಖಾನೆ, ಬಡಾವಣೆಯವರೆಲ್ಲ ಸೇರಿ ಬೇಯಿಸುವ ಒಂದೇ ಪಾತ್ರೆ, ಪೊಲೀಸರ ವ್ಯಾನು, ‘ಎಲ್ಲಿದ್ದಾರೆ ಅವರು?’ ಎಂಬ ಫಲಕ ಹಿಡಿದ ಹೆಂಗಸರು. ಕೆಲವದರಲ್ಲಿ ಒಬ್ಬಳೇ ಹೆಣ್ಣು ಕ್ವೇಕಾ ನೃತ್ಯ ಮಾಡುತ್ತಿದ್ದಾಳೆ. ಅದು ಜೋಡಿಯಾಗಿ ಆಡುವ ಕುಣಿತ. ಜೊತೆಗಾರನ ಜಾಗ ಖಾಲಿ. ಕಾಣೆಯಾದವರ ಅಂಗಿಯ ತುಂಡನ್ನೇ ಚಿತ್ರಕ್ಕೆ ಹೊಲಿದ ತಾಯಂದಿರೂ ಇದ್ದರು.

ಹೆಂಗಸರ ಹೊಲಿಗೆ ಕೆಲಸವೆಂದು ಆಡಳಿತ ಮೊದಮೊದಲು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲದಲ್ಲಿ ಚಿಲಿಯ ಸುದ್ದಿ ಹೀಗೆ ಬಟ್ಟೆಯ ಮೇಲೆ ಗಡಿ ದಾಟಿತು. ಎಷ್ಟೋ ಅರ್ಪಿಯೇರಾಗಳ ಹಿಂಬದಿಯಲ್ಲಿ ಪುಟ್ಟ ಜೇಬಿದೆ. ಅದರೊಳಗೆ, ಹೊಲಿದವಳು ಬರೆದಿಟ್ಟ ಚೀಟಿ.

ನನ್ನ ತಕರಾರು ಇರುವುದು ಇಲ್ಲಿಯೇ. ಚಿತ್ರವನ್ನು ಗೋಡೆಗೆ ಒತ್ತಿ ತೂಗುಹಾಕಿದರೆ ಆ ಜೇಬು ಯಾರಿಗೂ ಕಾಣುವುದಿಲ್ಲ. ಬಣ್ಣ ಮೆಚ್ಚಿ ಜನ ಮುಂದೆ ಸಾಗುತ್ತಾರೆ. ಇಂಥ ಕೃತಿಗಳನ್ನು ಎರಡೂ ಬದಿ ಕಾಣುವಂತೆ ಗಾಜಿನ ನಡುವೆ ನಿಲ್ಲಿಸಬೇಕು, ಚೀಟಿಯನ್ನು ಬಿಡಿಸಿ ಪಕ್ಕದಲ್ಲಿಡಬೇಕು. ಅನೇಕ ಹೆಂಗಸರು ಜೀವಭಯದಿಂದ ತಮ್ಮ ಹೆಸರು ಹಾಕಲಿಲ್ಲ. ಕಲಾವಿದೆಯ ಹೆಸರು ತಿಳಿಯದು ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ, ಆ ಹೆಸರು ಏಕಿಲ್ಲವೆಂಬುದನ್ನೂ ವಸ್ತುಸಂಗ್ರಹಾಲಯಗಳು ಅಲ್ಲೇ ಬರೆಯಲಿ.