ದೀಪ ಹಚ್ಚುವ ಹಿಂದಿನ ದಿನ ಕೆತ್ತಿ

ಕೇಳುಗರಿಗೆ ನಮಸ್ಕಾರ.

ಒಂದು ಪುಟ್ಟ ಊರಿನವರು ಸೇರಿ ಸಿಹಿಗುಂಬಳದ ಕಾಯಿಗಳಲ್ಲಿ ಮುಖ ಕೆತ್ತುತ್ತಾರೆ, ಒಳಗೆ ದೀಪವಿಡುತ್ತಾರೆ, ನೋಡಲು ಬಂದವರಿಂದ ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುತ್ತಾರೆ. ಅಂಥ ಹಬ್ಬ ಮಾಡಲು ಹೊರಟವರು ಈಗ ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಪೆನ್ನು ಕಾಗದ ಹತ್ತಿರವಿದ್ದರೆ ಮೊದಲ ಸಾಲು ಬರೆದುಕೊಳ್ಳಿ: ಮುಂಚೆ ಕೆತ್ತಬೇಡಿ.

ಹಬ್ಬ ಶನಿವಾರ ಸಂಜೆ ಇದ್ದರೆ ಗರಗಸ ಹಿಡಿಯುವುದು ಶುಕ್ರವಾರ ಸಂಜೆ. ಶನಿವಾರ ಬೆಳಿಗ್ಗೆಯಾದರೆ ಇನ್ನೂ ಒಳ್ಳೆಯದು. ‘ವಾರ ಮೊದಲೇ ಕೆತ್ತಿಟ್ಟುಬಿಡೋಣ, ಕೊನೆಗೆ ಗಡಿಬಿಡಿ ಇರುವುದಿಲ್ಲ’ ಅನ್ನುವವರು ಪ್ರತಿಯೊಂದು ಸಮಿತಿಯಲ್ಲೂ ಒಬ್ಬರಿರುತ್ತಾರೆ. ದಯವಿಟ್ಟು ಅವರ ಮಾತಿಗೆ ಒಪ್ಪಬೇಡಿ. ಇಡೀ ಕಾಯಿ ತಿಂಗಳುಗಟ್ಟಲೆ ಕೆಡದೆ ಇರುವುದು ಅದರ ಸಿಪ್ಪೆಯಿಂದ. ಸಿಪ್ಪೆ ಒಳಗಿನ ನೀರನ್ನು ಆರಗೊಡುವುದಿಲ್ಲ, ಹೊರಗಿನ ಬೂಷ್ಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀವು ಒಂದು ಕಣ್ಣು ಕೊರೆದಿರೋ, ಎರಡೂ ಕಾವಲು ಮುಗಿದವು. ತಿರುಳಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಅದು ಆರಿದಂತೆ ಕೊರೆದ ಅಂಚು ಒಳಕ್ಕೆ ಸುರುಟುತ್ತದೆ, ಹಲ್ಲುಗಳು ಬಾಗುತ್ತವೆ, ನಗುವ ಬಾಯಿ ಬೊಚ್ಚುಬಾಯಿಯಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಎರಡು ಮೂರು ದಿನ, ತಂಪು ಹವೆಯಲ್ಲಿ ಹೊರಗಿಟ್ಟರೆ ಐದಾರು ದಿನ, ಅದರಾಚೆ ನಂಬಬೇಡಿ. ಹೆಪ್ಪುಗಟ್ಟುವ ಚಳಿ ಬಿದ್ದರಂತೂ ತಿರುಳಿನೊಳಗಿನ ನೀರೇ ಮಂಜುಗಡ್ಡೆಯಾಗಿ ಕಣಕಣವನ್ನೂ ಒಡೆಯುತ್ತದೆ. ಬಿಸಿಲೇರುವಷ್ಟರಲ್ಲಿ ಕಾಯಿ ಕೊಳಕೊಳ.

ಹಾಗಾದರೆ ಕೊನೆಯ ದಿನ ಅಷ್ಟೊಂದು ಕಾಯಿ ಕೆತ್ತುವುದು ಹೇಗೆ? ಇದಕ್ಕೆ ಕೀನ್ ಎಂಬ ಊರಿನ ಸಂಗತಿ ಹೇಳಲೇಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಊರು, ಜನಸಂಖ್ಯೆ ಇಪ್ಪತ್ಮೂರು ಸಾವಿರದ ಆಸುಪಾಸು. ಅಲ್ಲಿ 1991ರಲ್ಲಿ ಕುಂಬಳದ ಹಬ್ಬ ಶುರುವಾಯಿತು. ಬರಬರುತ್ತಾ ಒಂದೇ ಕಡೆ ಅತಿ ಹೆಚ್ಚು ಕುಂಬಳದೀಪ ಬೆಳಗಿಸಿದ ವಿಶ್ವದಾಖಲೆ ಆ ಊರಿನದಾಯಿತು. 2006ರಲ್ಲಿ ಬಾಸ್ಟನ್ ಮಹಾನಗರ 30,128 ದೀಪ ಹಚ್ಚಿ ಆ ದಾಖಲೆಯನ್ನು ಕಿತ್ತುಕೊಂಡಿತು. ಬಾಸ್ಟನ್ನಿನವರು ಹಚ್ಚಿದ್ದೂ ಒಳ್ಳೆಯ ಕೆಲಸಕ್ಕೇ: ಜೀವಕ್ಕೆ ಅಪಾಯವಿರುವ ಕಾಯಿಲೆಯ ಮಕ್ಕಳನ್ನೂ ಅವರ ಮನೆಯವರನ್ನೂ ಕರೆಸಿ ಉಪಚರಿಸುವ, ಮೇನ್ ರಾಜ್ಯದ ಕ್ಯಾಂಪ್ ಸನ್‌ಶೈನ್‌ಗೆ ಹಣ ಕೂಡಿಸಲು. ಕೀನ್ ಏಳು ವರ್ಷ ಕಾಯಿತು. 2013ರ ಅಕ್ಟೋಬರಿನಲ್ಲಿ 30,581 ದೀಪ ಬೆಳಗಿಸಿ ದಾಖಲೆಯನ್ನು ಮರಳಿ ಪಡೆಯಿತು. ಊರಿನ ತಲೆಗೊಂದು ಹಚ್ಚಿದರೂ ಇನ್ನೂ ಏಳು ಸಾವಿರ ಮಿಗುವಷ್ಟು! ಊರ ನಡುವೆ ಎತ್ತರದ ಅಟ್ಟಣೆಗಳು, ಬೀದಿಯುದ್ದಕ್ಕೂ ಹಲಗೆಗಳ ಸಾಲು, ಎಲ್ಲದರ ಮೇಲೂ ಮುಖಗಳು. ಅಲ್ಲಿ ಲೆಕ್ಕಕ್ಕೆ ಬಂದದ್ದು ಕೆತ್ತಿ ದೀಪ ಹಚ್ಚಿದ ಕಾಯಿಗಳು ಮಾತ್ರ. ಅಷ್ಟನ್ನೂ ಒಂದು ಸಮಿತಿ ಕೂತು ಕೆತ್ತಿತೇ? ಖಂಡಿತ ಇಲ್ಲ. ಮನೆಮನೆಯವರು ಕೆತ್ತಿ ತಂದರು, ಶಾಲೆಯ ಮಕ್ಕಳು ಕೆತ್ತಿ ತಂದರು. ಗುಟ್ಟಿರುವುದು ಅಲ್ಲೇ. ಮುಂಚೆ ಕೆತ್ತುವ ಆಸೆ ಹುಟ್ಟುವುದು ಕೈಗಳು ಸಾಲದೆ ಇದ್ದಾಗ. ಒಂದು ಕಾಯಿಗೆ ಒಬ್ಬರಿಗೆ ಒಂದೂವರೆ ಗಂಟೆ ಹಿಡಿಯಿರಿ. ಅರವತ್ತು ಕಾಯಿಗೆ ತೊಂಬತ್ತು ಗಂಟೆ. ಐದು ಜನ ಕೂತರೆ ವಾರವೆಲ್ಲ ಸವೆಯಬೇಕು. ಮೂವತ್ತು ಜನ ಕೂತರೆ ಒಂದೇ ಸಂಜೆ, ಮೂರು ಗಂಟೆ. ಆದ್ದರಿಂದ ಕಾಯಿ ಕೊಳ್ಳುವ ಮೊದಲು ಕೈಗಳನ್ನು ಗೊತ್ತುಮಾಡಿ.

ಇನ್ನು ಕಾಯಿ. ಐದರಿಂದ ಏಳು ಕಿಲೋ ತೂಕ, ಅಲುಗಾಡದೆ ಕೂರುವ ತಳ. ಉಗುರು ಒತ್ತಿದರೆ ಸಿಪ್ಪೆ ಇಳಿಯಬಾರದು. ತಳವನ್ನು ಹೆಬ್ಬೆರಳಲ್ಲಿ ಅದುಮಿ ನೋಡಿ, ಒಂದು ಕಡೆ ಮೆತ್ತಗಿದ್ದರೂ ಬೇಡ. ತೊಟ್ಟು ಹಿಡಿದು ಎತ್ತುವವರಿಗೆ ಅಲ್ಲೇ ತಡೆದು ಹೇಳಿ: ತೊಟ್ಟು ಮುರಿದ ಗಾಯದಿಂದಲೇ ಕೊಳೆ ಶುರುವಾಗುವುದು. ಗುರುವಾರ ಕಾಯಿಗಳನ್ನು ತೊಳೆಯಿರಿ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚು ಸಾಕು, ಆಮೇಲೆ ಒರೆಸಿ ಒಣಗಿಸಿ. ಗುರುವಾರದ ಕೆಲಸ ಇಷ್ಟೇ. ಕೆತ್ತುವುದು ಇನ್ನೂ ಬೇಡ.

ದೀಪ ಬ್ಯಾಟರಿಯದಾದರೆ ತಳದಲ್ಲಿ ಕೊರೆಯಿರಿ. ದೀಪ ನೆಲದ ಮೇಲಿಟ್ಟು ಕಾಯಿಯನ್ನು ಮೇಲಿನಿಂದ ಮುಚ್ಚಿದರಾಯಿತು, ತೊಟ್ಟಿನ ಭಾಗ ಗಟ್ಟಿಯಾಗಿ ಉಳಿಯುತ್ತದೆ. ಮೇಣದ ಬತ್ತಿಯಾದರೆ ಮೇಲೆ ಮುಚ್ಚಳ ಬೇಕು. ಮುಚ್ಚಳ ಕೊಯ್ಯುವಾಗ ಅಲಗನ್ನು ಒಳಕ್ಕೆ ಓರೆಯಾಗಿ ಹಿಡಿಯಿರಿ. ನೇರ ಕೊಯ್ದರೆ, ಕಾಯಿ ಸ್ವಲ್ಪ ಆರಿದ ಕೂಡಲೇ ಮುಚ್ಚಳ ಒಳಗೆ ಬಿದ್ದು ಬತ್ತಿ ನಂದುತ್ತದೆ. ಹಿಂಭಾಗದಲ್ಲಿ ಬೆರಳಗಲದ ಒಂದು ಕಚ್ಚು ಮಾಡಿ, ಕತ್ತಲಲ್ಲೂ ಮುಚ್ಚಳ ಯಾವ ಕಡೆ ಕೂರಬೇಕೆಂದು ಕೈಗೆ ಗೊತ್ತಾಗುತ್ತದೆ. ಹೊಗೆ ಹೋಗಲು ಒಂದು ಸಣ್ಣ ತೂತೂ ಇರಲಿ.

ಆಮೇಲೆ ಕೆರೆಯುವುದು. ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಬೀಜ ತೆಗೆದರೆ ಮುಗಿಯಲಿಲ್ಲ, ನಾರೆಲ್ಲ ಹೋಗಿ ಗೋಡೆ ನುಣುಪಾಗಬೇಕು, ಏಕೆಂದರೆ ಬೂಷ್ಟು ಮೊದಲು ಹಿಡಿಯುವುದು ನಾರಿಗೆ. ಮುಖ ಬರುವ ಕಡೆ ಗೋಡೆಯ ದಪ್ಪ ಒಂದು ಇಂಚು. ಗುಂಡುಸೂಜಿ ಚುಚ್ಚಿ ಅಳೆಯಿರಿ. ಎರಡು ಇಂಚು ಬಿಟ್ಟರೆ ಗರಗಸ ತಿಣುಕುತ್ತದೆ, ಬೆಳಕು ಹೊರಗೆ ಬರುವುದಿಲ್ಲ; ಅರ್ಧ ಇಂಚಿಗೆ ಇಳಿಸಿದರೆ ದೀಪದ ಕಾವಿಗೇ ಮುಖ ಜೋಲುತ್ತದೆ. ಚಿತ್ರದ ಕಾಗದ ಅಂಟಿಸಿ, ಗೆರೆಯುದ್ದಕ್ಕೂ ಮೂರು ಮಿಲಿಮೀಟರಿಗೊಂದು ಚುಕ್ಕಿ ಚುಚ್ಚಿ, ಕಾಗದ ತೆಗೆದು ಮೇಲೆ ಹಿಟ್ಟು ಸವರಿ. ಬಿಳಿ ಚುಕ್ಕಿಗಳ ರಂಗೋಲಿ ಎದ್ದು ಕಾಣುತ್ತದೆ. ಅಡುಗೆಮನೆಯ ಚಾಕು ಬೇಡವೇ ಬೇಡ, ಅದು ಸಿಕ್ಕಿಹಾಕಿಕೊಂಡು ಒಮ್ಮೆಲೇ ಜಾರುತ್ತದೆ, ಜಾರಿದರೆ ಅಂಗೈಗೇ. ಸಣ್ಣ ಹಲ್ಲಿನ ಕುಂಬಳದ ಗರಗಸ ಸಿಗುತ್ತದೆ, ಅದನ್ನು ಗೋಡೆಗೆ ನೇರವಾಗಿ ಹಿಡಿದು ಹಿಂದೆ ಮುಂದೆ ಆಡಿಸಿ. ಮೊದಲು ನಡುವಿನ ಸಣ್ಣ ತುಂಡುಗಳು, ದೊಡ್ಡ ಬಾಯಿ ಕೊನೆಗೆ. ಬಾಯಿ ಮೊದಲು ಕೊರೆದರೆ ಮೂಗು ಕೊರೆಯುವಾಗ ಒತ್ತಡ ತಡೆಯಲು ಗೋಡೆಯೇ ಇರುವುದಿಲ್ಲ. ಹಲ್ಲು ಮುರಿದರೆ ಹಲ್ಲುಕಡ್ಡಿ ಚುಚ್ಚಿ ಕೂರಿಸಿ, ದೂರದಿಂದ ಯಾರಿಗೂ ಕಾಣುವುದಿಲ್ಲ. ಮಕ್ಕಳಿಗೆ ಬರೆಯುವ, ಕೆರೆಯುವ ಕೆಲಸ, ಗರಗಸ ದೊಡ್ಡವರಿಗೆ.

ಕೊರೆದ ಅಂಚಿಗೆಲ್ಲ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಬೆಳಗಾಗುವಷ್ಟರಲ್ಲಿ ಬಾಡಿದ್ದರೆ ತಣ್ಣೀರಿನ ಬಕೆಟ್ಟಿನಲ್ಲಿ ಕೆಲವು ಗಂಟೆ ಮುಳುಗಿಸಿ, ಮತ್ತೆ ಬಿರುಸಾಗುತ್ತದೆ. ಹಾಗೆಂದು ವಾರ ಮೊದಲು ಕೆತ್ತಿದ್ದನ್ನು ಬಕೆಟ್ಟು ಉಳಿಸೀತು ಅಂದುಕೊಳ್ಳಬೇಡಿ.

ಸಮಯ ಮುಗಿಯುತ್ತಾ ಬಂತು, ಹಣದ ವಿಷಯ ಬೇಗ ಹೇಳುತ್ತೇನೆ. ಪ್ರತಿ ಕಾಯಿಗೆ ಒಂದು ಸಂಖ್ಯೆ, ಅದರ ಮುಂದೆ ಅದೇ ಸಂಖ್ಯೆಯ ಗಾಜಿನ ಜಾಡಿ. ಒಂದು ನಾಣ್ಯ, ಒಂದು ಮತ. ಇಷ್ಟವಾದ ಮುಖದ ಜಾಡಿಗೆ ಜನ ಎಷ್ಟು ಬೇಕಾದರೂ ಹಾಕಲಿ. ಹಣ ಯಾವ ಕೆಲಸಕ್ಕೆ ಎಂಬುದನ್ನು ಜಾಡಿಯ ಮೇಲೇ ಬರೆಯಿರಿ. ‘ಸಮಾಜಸೇವೆಗೆ’ ಎಂದಲ್ಲ, ಯಾರಿಗೆ, ಏನು ಕೊಡಿಸಲು ಎಂದು. ಜಾಡಿಯ ಬಾಯಿಗೆ ಅಂಟುಪಟ್ಟಿ ಹಾಕಿ ನಾಣ್ಯ ತೂರುವಷ್ಟು ಸೀಳು ಬಿಡಿ. ಎಣಿಸುವಾಗ ಇಬ್ಬರಿರಲಿ, ಇಬ್ಬರೂ ಸಹಿ ಹಾಕಲಿ, ಮೊತ್ತ ಅದೇ ರಾತ್ರಿ ಘೋಷಣೆಯಾಗಲಿ. ಜನ ಕೈಬಿಚ್ಚುವುದು ಹೊಳೆಯುವ ಮುಖದ ಮುಂದೆ. ಜೋತುಬಿದ್ದ ಮುಖದ ಮುಂದಿನ ಜಾಡಿ ಖಾಲಿಯೇ ಇರುತ್ತದೆ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿರುವುದು: ಮುಂಚೆ ಕೆತ್ತಬೇಡಿ.

ಕಾಯಿಗಳನ್ನು ಒಣಹುಲ್ಲಿನ ಪಿಂಡಿಗಳ ಮೇಲೆ ಜೋಡಿಸುವ ಆಸೆಯಿದ್ದರೆ ಬ್ಯಾಟರಿ ದೀಪ ಮಾತ್ರ. ಹುಲ್ಲು ಮತ್ತು ಮೇಣದ ಬತ್ತಿ ಒಂದೇ ಜಾಗದಲ್ಲಿ ಕೂಡದು. ಬತ್ತಿಯೇ ಬೇಕೆಂದರೆ ಹಲಗೆ ಹಾಕಿ, ಪಕ್ಕದಲ್ಲಿ ನೀರಿನ ಬಕೆಟ್ಟು, ಮಕ್ಕಳ ಉದ್ದನೆಯ ಬಟ್ಟೆ ತಾಗದಷ್ಟು ದೂರದಲ್ಲಿ ಒಂದು ಹಗ್ಗ.

ಭಾನುವಾರ ಬೆಳಿಗ್ಗೆ ನಾಲ್ಕು ಜನ ಬರಲೇಬೇಕು. ಬ್ಯಾಟರಿ, ಮೇಣ, ಹಲ್ಲುಕಡ್ಡಿಗಳನ್ನೆಲ್ಲ ಕಿತ್ತು ಕಾಯಿಗಳನ್ನು ಗೊಬ್ಬರದ ಗುಂಡಿಗೆ ಹಾಕಿ. ಬ್ಲೀಚು, ಜೆಲ್ಲಿ ತಾಗಿದ ಕಾಯಿಯನ್ನು ದನಕರುಗಳಿಗೆ ಕೊಡಬೇಡಿ. ಕೆತ್ತುವಾಗ ತೆಗೆದಿಟ್ಟ ಬೀಜಗಳಲ್ಲಿ ಒಂದು ಹಿಡಿ ತೊಳೆದು ನೆರಳಲ್ಲಿ ಒಣಗಿಸಿಡಿ, ಮುಂದಿನ ಬಿತ್ತನೆಗೆ.

ನಮಸ್ಕಾರ.