10ಕ್ಕೆ ಎಷ್ಟು?

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮ್ಮ ಕೈಗೆ ಒಂದೊಂದು ಚೀಟಿ ಕೊಟ್ಟರಲ್ಲ, ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್‌ಳ 'ಡೆಬ್ಯೂ' ಆಲ್ಬಮ್ಮಿನ 11 ಹಾಡುಗಳಿಗೆ 10ಕ್ಕೆ ಮಾರ್ಕು ಹಾಕಿ ಅಂತ. ಮುಂದಿನ ಸಾಲಿನವರು ಆಗಲೇ ಅರ್ಧ ತುಂಬಿಸಿಬಿಟ್ಟಿದ್ದಾರೆ. ಕೊನೆಗೆ ಎಲ್ಲವನ್ನೂ ಕೂಡಿಸಿ, ಭಾಗಿಸಿ, ಯಾವುದು ಮೊದಲು ಯಾವುದು ಕೊನೆ ಅಂತ ಬೋರ್ಡಿನ ಮೇಲೆ ಬರೆಯುತ್ತಾರಂತೆ. ಅದಕ್ಕೆ ಮುಂಚೆ ನನಗೆ ಮೈಕ್ ಕೊಟ್ಟಿದ್ದು ಒಳ್ಳೆಯದೇ ಆಯಿತು. ಆ ಸರಾಸರಿ ಇದೆಯಲ್ಲ, ಅದರ ಜೊತೆಗೇ ನನ್ನ ಜಗಳ.

1993ರ ಜುಲೈ, ಲಂಡನ್, ನಿರ್ಮಾಪಕ ನೆಲ್ಲೀ ಹೂಪರ್, ಅದಕ್ಕೆ ಮೊದಲು ಆಕೆ ಹಾಡುತ್ತಿದ್ದ ತಂಡ ಶುಗರ್‌ಕ್ಯೂಬ್ಸ್. ಇದೆಲ್ಲ ನಿಮಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಆದರೆ ಪ್ರತಿ ಸಭೆಯಲ್ಲೂ ಒಬ್ಬರು ಕೈ ಎತ್ತುತ್ತಾರೆ. "ಇದು ಆಕೆಯ ಮೊದಲ ಆಲ್ಬಮ್ಮೇ ಅಲ್ಲ, 1977ರಲ್ಲಿ ಐಸ್‌ಲ್ಯಾಂಡಿನಲ್ಲಿ ಒಂದು ಬಂದಿತ್ತು" ಅಂತ. ನಿಜ ಸ್ವಾಮಿ, ಬಂದಿತ್ತು. ಆಗ ಆಕೆ ಇನ್ನೂ ಶಾಲೆಗೆ ಹೋಗುವ ಹುಡುಗಿ. 1990ರಲ್ಲಿ ಒಂದು ಜಾಜ್ ಆಲ್ಬಮ್ ಕೂಡ ಬಂತು. ಆದರೂ ತಾನೇ 'ಡೆಬ್ಯೂ', ಅಂದರೆ 'ಇದು ನನ್ನ ಮೊದಲನೆಯದು' ಅಂತ ಹೆಸರಿಟ್ಟು ಕೊಟ್ಟ ಮೇಲೆ ನಾವ್ಯಾಕೆ ತಕರಾರು ತೆಗೆಯಬೇಕು? ಹಿಂದೆ ಕೈ ಎತ್ತಿದವರು ಇಳಿಸಬಹುದು.

ಈಗ ನನ್ನ ಕಥೆ. ಕೆಲವರು ಮುಂಚೆಯೇ ಕೇಳಿದ್ದೀರಿ, ಸಹಿಸಿಕೊಳ್ಳಿ.

ಬಹಳ ವರ್ಷಗಳ ಹಿಂದೆ ನಾವು ಐದು ಜನ ಗೆಳೆಯರು ಒಂದು ರೂಮಿನಲ್ಲಿ ಕೂತು ಇದೇ ಕೆಲಸ ಮಾಡಿದೆವು. ಒಂದು ಹಾಡು, ಒಂದು ಮಾರ್ಕು, ಆಮೇಲೆ ಜಗಳ. ನಾಲ್ಕನೆಯ ಹಾಡು ಬಂತು, 'ದೇರ್ಸ್ ಮೋರ್ ಟು ಲೈಫ್ ದ್ಯಾನ್ ದಿಸ್'. ಡಾನ್ಸ್ ಕ್ಲಬ್ಬಿನ ಗದ್ದಲ, ಡುಬ್ ಡುಬ್ ಬೀಟು. ನಡುವೆ ಇದ್ದಕ್ಕಿದ್ದಂತೆ ಸಂಗೀತ ಅಡಗಿಹೋಯಿತು. ಎಲ್ಲೋ ಗೋಡೆಯಾಚೆ ಬೀಟು ಕೇಳಿದ ಹಾಗೆ, ಆಕೆಯ ದನಿ ಮಾತ್ರ ಕಿವಿಯ ಪಕ್ಕದಲ್ಲೇ. ನಮ್ಮಲ್ಲೊಬ್ಬ ಹಾರಿ ಎದ್ದ. ಸ್ಪೀಕರಿನ ಹಿಂದೆ ತಲೆ ತೂರಿಸಿ ಒಂದೊಂದೇ ವೈರ್ ಕಿತ್ತು ಊದಿ ಮತ್ತೆ ಚುಚ್ಚಿದ. ಅಷ್ಟರಲ್ಲಿ ಬೀಟು ತಾನಾಗೇ ವಾಪಸ್ ಬಂತು. "ನೋಡಿದ್ರಾ, ರಿಪೇರಿ ಆಯ್ತು" ಅಂತ ಎದೆಯುಬ್ಬಿಸಿ ಕೂತ. ಆ ಹಾಡಿಗೆ 2 ಹಾಕಿದ. ಕಾರಣ ಕೇಳಿದರೆ, "ಸಿಡಿ ಸರಿಯಿಲ್ಲ."

ಆ ಹಾಡನ್ನು ರೆಕಾರ್ಡ್ ಮಾಡಿದ್ದು ಲಂಡನ್ನಿನ ಮಿಲ್ಕ್ ಬಾರ್ ಅನ್ನುವ ಕ್ಲಬ್ಬಿನ ಟಾಯ್ಲೆಟ್ಟಿನಲ್ಲಿ. ಬಾಗಿಲು ಮುಚ್ಚಿದಾಗ ಹೊರಗಿನ ಸದ್ದು ಕುಗ್ಗುತ್ತದೆ, ತೆರೆದಾಗ ಮತ್ತೆ ನುಗ್ಗುತ್ತದೆ. ಪಾರ್ಟಿ ಬಿಟ್ಟು ಹೊರಟು ಹೋಗೋಣ ಅನ್ನುವ ಹಾಡಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಗುತ್ತೆ? ಇದನ್ನು ಹೇಳಿದ ಮೇಲೆ ಅವನು 2 ಹೊಡೆದು 8 ಮಾಡಿದ. ಹಾಡು ಬದಲಾಗಿತ್ತಾ? ಇಲ್ಲ. ಆ 2 ಯಾರಿಗೆ ಬಿದ್ದ ಮಾರ್ಕು, ನೀವೇ ಹೇಳಿ.

ಅವತ್ತಿನ ಕೊನೆಯ ಲೆಕ್ಕ ನನಗಿನ್ನೂ ನೆನಪಿದೆ. 'ಕ್ರೈಯಿಂಗ್' ಹಾಡಿಗೆ ಬಂದದ್ದು 6, 6, 7, 6, 5. 'ದಿ ಆಂಕರ್ ಸಾಂಗ್'ಗೆ 10, 2, 10, 1, 7. ಕೂಡಿಸಿ ನೋಡಿ. ಎರಡೂ 30. ಸರಾಸರಿ 6. ಬೋರ್ಡಿನ ಮೇಲೆ ಎರಡೂ ಅಕ್ಕಪಕ್ಕ, ಅವಳಿ ಮಕ್ಕಳ ಹಾಗೆ. ಆದರೆ ಒಂದನ್ನು ಎಲ್ಲರೂ ಕೇಳಿ ತಲೆಯಾಡಿಸಿ ಸುಮ್ಮನಾದರು. ಇನ್ನೊಂದರ ಬಗ್ಗೆ ರಾತ್ರಿ ಎರಡು ಗಂಟೆವರೆಗೆ ಕಿತ್ತಾಡಿದರು. ಡ್ರಮ್ಮೇ ಇಲ್ಲ, ಬರೀ ಸ್ಯಾಕ್ಸೊಫೋನುಗಳು, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆಲಿವರ್ ಲೇಕ್ ಜೋಡಿಸಿಕೊಟ್ಟದ್ದು. ನಡುವೆ ನಡುವೆ ದನಿ ಬರುತ್ತೆ, ನಿಲ್ಲುತ್ತೆ. "ಇದು ಹಾಡೇ ಅಲ್ಲ" ಅಂದವನೂ ಸರಿ, 10 ಹಾಕಿದವನೂ ಸರಿ. ಆ ಜಗಳವನ್ನು ಸರಾಸರಿ ನುಂಗಿಬಿಡುತ್ತೆ. ಅದಕ್ಕೇ ನಾನು ಹೇಳುವುದು: ಹಾಡಿಗೆ ಬಿದ್ದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಮಾರ್ಕಿನ ನಡುವೆ ಎಷ್ಟು ಅಂತರ ಇದೆ ನೋಡಿ. ಬೋರ್ಡಿನ ಮೇಲೆ ಅದನ್ನೂ ಬರೆಯಿರಿ.

'ವೀನಸ್ ಆಸ್ ಎ ಬಾಯ್' ವಿಷಯದಲ್ಲಿ ಇನ್ನೊಂದು ತಮಾಷೆ. ತಲ್ವಿನ್ ಸಿಂಗ್ ತಬಲಾ ಕೇಳಿದ ಕೂಡಲೇ ಇದು ನಮ್ಮದು ಅಂತ ಒಂದು ಮಾರ್ಕು ಜಾಸ್ತಿ ಬೀಳುತ್ತೆ. ನಾನೂ ಹಾಕಿದ್ದೆ, ಸುಳ್ಳು ಹೇಳಲ್ಲ. 'ಲೈಕ್ ಸಮ್‌ಒನ್ ಇನ್ ಲವ್' ಕಥೆ ಇದಕ್ಕೆ ತಿರುಗಾಮುರುಗಾ. 1944ರ ಹಳೆಯ ಹಾಡು, ಆಕೆ ಬರೆದದ್ದಲ್ಲ, ಅಂತ ಒಂದು ಮಾರ್ಕು ಕಟ್! ಕಾರ್ಕಿ ಹೇಲ್ ಅವರ ಹಾರ್ಪ್ ಪಕ್ಕದಲ್ಲಿ ಆ ದನಿ ಎಷ್ಟು ಮೆತ್ತಗಾಗುತ್ತೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಅದೂ ಎಂಥ ಜಾಗದಲ್ಲಿ? ಟಾಯ್ಲೆಟ್ಟಿನ ಹಾಡು ಮುಗಿದ ಮರುಕ್ಷಣ. ಒಂದೊಂದೇ ಹಾಡನ್ನು ಕಿತ್ತು ತಕ್ಕಡಿಗೆ ಹಾಕಿದರೆ ಈ ಜಾಗದ ಮಾತು ಎಲ್ಲಿ ಬರುತ್ತೆ? 'ವಯಲೆಂಟ್ಲಿ ಹ್ಯಾಪಿ'ಯ ಕುಣಿತ ನಿಂತ ಮೇಲೆ 'ದಿ ಆಂಕರ್ ಸಾಂಗ್'ನ ಆ ಸ್ಯಾಕ್ಸೊಫೋನ್ ಕೇಳಬೇಕು. ಅಂತರ ಅಂದೆನಲ್ಲ, ಅದಕ್ಕೆ ಇದೂ ಒಂದು...

ಏನು? ಐದು ನಿಮಿಷಾನಾ? ಈಗಷ್ಟೇ ಶುರು ಮಾಡಿದ ಹಾಗಿದೆ.

ಸರಿ. 'ಏರೋಪ್ಲೇನ್' ಬಗ್ಗೆ ಒಂದು ಪುಟ ಬರೆದುಕೊಂಡಿದ್ದೆ, ಬಿಟ್ಟೆ. 'ಬಿಗ್ ಟೈಮ್ ಸೆನ್ಶುಆಲಿಟಿ': ವಿಡಿಯೋದಲ್ಲಿ, ನ್ಯೂಯಾರ್ಕಿನ ಲಾರಿಯ ಮೇಲೆ ಆಕೆ ಕುಣಿಯುವಾಗ ಕೇಳುವುದು ಫ್ಲೂಕ್ ತಂಡದ ರೀಮಿಕ್ಸ್, ಆಲ್ಬಮ್ಮಿನ ಹಾಡಲ್ಲ. ಯಾವುದಕ್ಕೆ ಮಾರ್ಕು ಹಾಕುತ್ತಿದ್ದೀರಿ ಅಂತ ನೋಡಿಕೊಳ್ಳಿ. 'ಪ್ಲೇ ಡೆಡ್' ಸೇರಿಸಬೇಕಾ ಅಂತ ಯಾರೋ ಬರೆದು ಕಳಿಸಿದ್ದಾರೆ. ಅದು ಆಮೇಲೆ ಸೇರಿಸಿದ ಹಾಡು, ಚೀಟಿಯಲ್ಲಿಲ್ಲ. 12 ಮಾಡಿದರೆ ನನ್ನ ಅಭ್ಯಂತರ ಇಲ್ಲ, ಸಂಘಟಕರನ್ನು ಕೇಳಿ.

ಉಳಿದ ಸಮಯದಲ್ಲಿ ನಾಲ್ಕನೆಯ ಹಾಡು ಹಾಕಿಬಿಡೋಣ. ಸೌಂಡ್ ನೋಡಿಕೊಳ್ಳುವ ತಮ್ಮಾ, ನಡುವೆ ಸದ್ದು ಅಡಗುತ್ತೆ. ದಯವಿಟ್ಟು ವೈರ್ ಮುಟ್ಟಬೇಡಪ್ಪ.